ಕಾಡು ಬಿಟ್ಟು ಹೊಲಕ್ಕಿಳಿದ ಹಲಗೆ

ಹಾಸನದ ಯಾವುದಾದರೂ ಪ್ಲೈವುಡ್ ಅಂಗಡಿಯಲ್ಲಿ 18 ಎಂ.ಎಂ. ಹಲಗೆಯೊಂದನ್ನು ಕೊಯ್ಸಿ, ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲೊಂದು, ಕೆಳಗೊಂದು ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು ಎನ್ನುವಂಥ ಕೆಂಪು ಪೊರೆ. ನಡುವೆ ಮಾಸಲು ಬಿಳುಪಿನ, ತಿಳಿಗೆಂಪಿನ ದಪ್ಪ ಪದರಗಳು. ಒಂದರ ನಾರು ಉದ್ದಕ್ಕೆ ಹರಿದರೆ ಮುಂದಿನದರ ನಾರು ಅಡ್ಡಕ್ಕೆ. ಕೆಂಪು ಪೊರೆ ಬಹುಮಟ್ಟಿಗೆ ಪರದೇಶದ ಮರದ್ದು. ಮೊದಲು ಬರ್ಮಾದ ಗರ್ಜನ್ ಇರುತ್ತಿತ್ತು, ಈಗ ಆಫ್ರಿಕದ ಗ್ಯಾಬನ್ ದೇಶದ ಒಕೂಮೆ ಬರುತ್ತದೆ. ಒಳಗಿನ ಪದರ ಮಾತ್ರ ನಮ್ಮದು. ಸಕಲೇಶಪುರದ ಕಾಫಿ ತೋಟದ ಸಿಲ್ವರ್ ಓಕ್ ಇರಬಹುದು, ಅರಕಲಗೂಡು, ಹೊಳೆನರಸೀಪುರದ ಹೊಲದ ಹೆಬ್ಬೇವು ಇರಬಹುದು, ಚನ್ನರಾಯಪಟ್ಟಣದ ಕಡೆಯ ನೀಲಗಿರಿ ಇರಬಹುದು.

ನಲವತ್ತು ವರ್ಷದ ಹಿಂದೆ ಇದೇ ಅಂಚನ್ನು ನೋಡಿದ್ದರೆ ಹೆಚ್ಚುಕಡಿಮೆ ಎಲ್ಲವೂ ಕಾಡಿನ ಮರ. ದೈತ್ಯ ಗಾತ್ರದ ಕಾಡುಮರವಿಲ್ಲದೆ ಒಳ್ಳೆಯ ಪ್ಲೈವುಡ್ ಆಗುವುದಿಲ್ಲವೆಂದು ನಂಬಿದ್ದ ಉದ್ಯಮವೊಂದು, ರೈತನ ಬದುವಿನ ಮೇಲಿನ ಸಣ್ಣ ಮರವನ್ನು ಕಂಡುಕೊಂಡ ಕತೆ ಇದು. ಇದನ್ನು ಒಬ್ಬ ವಿಜ್ಞಾನಿಯ ಹೆಸರಿಗೆ ಬರೆಯಲು ಬರುವುದಿಲ್ಲ. ಅಂಟು ಕಂಡುಹಿಡಿದವರು, ಲೇತ್ ತಿದ್ದಿದವರು, ಮರ ಅಪ್ಪಿಕೊಂಡವರು, ತೀರ್ಪು ಬರೆದವರು, ಗಿಡ ನೆಟ್ಟವರು ಎಲ್ಲರೂ ಸೇರಿ ಆದ ಆವಿಷ್ಕಾರ. ಅದರ ಬೆಲೆ ತಿಳಿಯಬೇಕಾದರೆ ನಮ್ಮ ದೇಶದ ಪಕ್ಕಕ್ಕೆ ಇನ್ನೊಂದು ದೇಶವನ್ನು ನಿಲ್ಲಿಸಿ ನೋಡಬೇಕು. ನಾನು ಇಂಡೊನೇಷ್ಯಾವನ್ನು ನಿಲ್ಲಿಸುತ್ತೇನೆ.

ಪದರ ಪದರವಾಗಿ ಮರ ಅಂಟಿಸುವ ಉಪಾಯ ಬಹಳ ಹಳೆಯದು. ಈಜಿಪ್ಟಿನ ಸಕ್ಕಾರದ ಮೆಟ್ಟಿಲು ಪಿರಮಿಡ್ಡಿನಲ್ಲಿ ಆರು ಪದರದ ಮರದ ಶವಪೆಟ್ಟಿಗೆಯೊಂದು ಸಿಕ್ಕಿತು. ಅದರ ವಯಸ್ಸು ನಾಲ್ಕೂವರೆ ಸಾವಿರ ವರ್ಷಕ್ಕೂ ಹೆಚ್ಚು. ಮರ ನೀರು ಕುಡಿದಾಗ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಒಂದರ ಮೇಲೊಂದು ಅಡ್ಡಡ್ಡ ಇಟ್ಟರೆ ಪ್ರತಿ ಪದರವೂ ಪಕ್ಕದ ಪದರದ ಹಿಗ್ಗನ್ನು ಹಿಡಿದು ನಿಲ್ಲಿಸುತ್ತದೆ. ಉಪಾಯ ಇಷ್ಟೇ. ಆದರೆ ಅದು ಉದ್ಯಮವಾಗಲು ಎರಡು ಸಂಗತಿ ಬೇಕಿತ್ತು: ದಿಮ್ಮಿಯನ್ನು ತೆಳ್ಳಗೆ ಬಿಚ್ಚುವ ಯಂತ್ರ, ನೀರಿಗೆ ಬಿಡದ ಅಂಟು.

ಯಂತ್ರ, ಅಂದರೆ ಲೇತ್, 19ನೇ ಶತಮಾನದಲ್ಲಿ ಬಂತು. ಬೇಯಿಸಿ ಮೆತ್ತಗಾದ ದಿಮ್ಮಿಯನ್ನು ಎರಡು ತುದಿಯಲ್ಲಿ ಕಚ್ಚಿ ಹಿಡಿದು ತಿರುಗಿಸುತ್ತ, ಉದ್ದನೆಯ ಅಲಗನ್ನು ಒತ್ತಿದರೆ ಸುತ್ತಿಟ್ಟ ಚಾಪೆ ಬಿಚ್ಚಿಕೊಂಡಂತೆ ಮರ ಹಾಳೆಯಾಗಿ ಹೊರಬರುತ್ತದೆ. ಅಂಟು ತಡವಾಯಿತು. ಮೂಳೆ, ಚರ್ಮ, ಪ್ರಾಣಿಯ ರಕ್ತ, ಹಾಲಿನ ಕೇಸೀನ್, ಸೋಯಾ ಎಲ್ಲವನ್ನೂ ಬಳಸಿ ನೋಡಿದರು. ಎಲ್ಲಕ್ಕೂ ಒಂದೇ ದೌರ್ಬಲ್ಯ, ಮಳೆಗಾಲ. 1907ರಲ್ಲಿ ಲಿಯೊ ಬೇಕೆಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ರಾಳವೇ ಮುಂದೆ, 1930ರ ದಶಕದಲ್ಲಿ, ಪ್ಲೈವುಡ್ಡಿನ ಅಂಟಾಯಿತು. ಇವತ್ತು ಅಂಗಡಿಯವರು ಬಿ.ಡಬ್ಲ್ಯೂ.ಪಿ. (ಕುದಿನೀರಿಗೂ ಬಿಡದ್ದು) ಎನ್ನುವ ಹಲಗೆಯೊಳಗೆ ಇರುವುದು ಅದರ ವಂಶದ್ದೇ. ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ ಐ.ಎಸ್. 710ರ ಪ್ರಕಾರ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ತೇವವನ್ನಷ್ಟೇ ತಾಳುವ ಎಂ.ಆರ್. ಹಲಗೆಯ ಯೂರಿಯಾ ಅಂಟು ಇಷ್ಟು ತಾಳುವುದಿಲ್ಲ. ಆದರೆ ಅದು ಅಗ್ಗ.

ಭಾರತಕ್ಕೆ ಪ್ಲೈವುಡ್ ಬಂದದ್ದು ಚಹಾ ಪೆಟ್ಟಿಗೆಯ ರೂಪದಲ್ಲಿ. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದ ಟಾಲಿನ್‌ನಲ್ಲಿ ಲೂಥರ್ ಮನೆತನದ ಕಾರ್ಖಾನೆ ಇತ್ತು. ಅದರ ಮೂರು ಪದರದ ಬರ್ಚ್ ಹಲಗೆಗಳನ್ನು 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೆನೆಸ್ಟಾ ಕಂಪನಿ ಸಿಲೋನ್, ಅಸ್ಸಾಂ ಕಡೆಯ ತೋಟಗಳಿಗೆ ಮಾರಿತು. ಬಾಲ್ಟಿಕ್ ತೀರದ ಮರ ಸಮುದ್ರ ದಾಟಿ ಬಂದು, ನಮ್ಮ ಚಹಾ ತುಂಬಿಕೊಂಡು, ಮತ್ತೆ ಸಮುದ್ರ ದಾಟುತ್ತಿತ್ತು. ಅಸ್ಸಾಮಿನ ಕಾಡಿನಲ್ಲೇ ಇಷ್ಟೊಂದು ಮರವಿರುವಾಗ ಇದೇಕೆ ಎಂಬ ಪ್ರಶ್ನೆಯಿಂದ ಮೊದಲ ಮಹಾಯುದ್ಧದ ನಂತರ ಅಲ್ಲೇ ಕಾರ್ಖಾನೆಗಳು ಎದ್ದವು. ಹೊಲ್ಲಾಂಗ್ ಎಂಬ ಎತ್ತರದ ಮರ ಅವುಗಳ ಜೀವಾಳವಾಯಿತು. ಅಂಡಮಾನಿನಲ್ಲಿ ಗರ್ಜನ್. ಪಶ್ಚಿಮ ಘಟ್ಟದ ಸಾಲಿನಲ್ಲಿ ನಮ್ಮ ದಾಂಡೇಲಿ, ಕಣ್ಣೂರಿನ ಬಳಿಯ ವಳಪಟ್ಟಣಂ. ಉದ್ಯಮಕ್ಕೆಂದೇ 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆ ಶುರುವಾಯಿತು. ಇಪಿರ್ಟಿ ಎಂದು ಉದ್ಯಮದವರೆಲ್ಲ ಕರೆಯುವುದು ಅದನ್ನೇ.

ಇನ್ನು ಇಂಡೊನೇಷ್ಯಾ. 1970ರ ದಶಕದಲ್ಲಿ ಆ ದೇಶ ಉಷ್ಣವಲಯದ ದಿಮ್ಮಿಗಳ ಅತಿ ದೊಡ್ಡ ರಫ್ತುದಾರ. ಕಾಲಿಮಂತಾನ್, ಸುಮಾತ್ರಾ ಕಾಡುಗಳ ಮೆರಾಂಟಿ ಮರ ಜಪಾನ್, ಕೊರಿಯಾ, ತೈವಾನಿಗೆ ಹೋಗಿ ಅಲ್ಲಿ ಹಲಗೆಯಾಗುತ್ತಿತ್ತು. ಹಲಗೆಯ ಲಾಭ ನಮಗೇ ಉಳಿಯಲಿ ಎಂದು 1980ರಿಂದ ಹಂತಹಂತವಾಗಿ ದಿಮ್ಮಿ ರಫ್ತನ್ನು ಬಿಗಿಮಾಡಿ, 1985ಕ್ಕೆ ಪೂರ್ತಿ ನಿಲ್ಲಿಸಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಬೆರಳಲ್ಲಿ ಎಣಿಸುವಷ್ಟಿದ್ದ ಪ್ಲೈವುಡ್ ಕಾರ್ಖಾನೆಗಳು ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ನೂರು ದಾಟಿದವು. ತೊಂಬತ್ತರ ದಶಕದ ಆರಂಭದಲ್ಲಿ ಅದು ವರ್ಷಕ್ಕೆ 80 ಲಕ್ಷ ಘನ ಮೀಟರ್‌ಗೂ ಹೆಚ್ಚು ಪ್ಲೈವುಡ್ ರಫ್ತು ಮಾಡುತ್ತಿತ್ತು. ಬಾಬ್ ಹಸನ್ ನೇತೃತ್ವದ ಅಪ್ಕಿಂದೊ ಎಂಬ ಉತ್ಪಾದಕರ ಕೂಟ ಯಾವ ದೇಶಕ್ಕೆ ಎಷ್ಟು, ಯಾವ ಬೆಲೆಗೆ ಎಂದು ನಿರ್ಧರಿಸುತ್ತಿತ್ತು. ಜಗತ್ತಿನ ಅರ್ಥಶಾಸ್ತ್ರಿಗಳು ಇದನ್ನು ಯಶಸ್ಸಿನ ಪಾಠವೆಂದೂ ಬರೆದರು, ಕಾಡಿನ ನಾಶವೆಂದೂ ಬರೆದರು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಸತ್ಯ. ಕಾಡಿನ ಮರ ಅಗ್ಗವಾಗಿ ಸಿಗುವತನಕ ಯಾರೂ ಮರ ಬೆಳೆಯಲು ಹೋಗುವುದಿಲ್ಲ.

ಅದೇ ಹೊತ್ತಿನಲ್ಲಿ ನಮ್ಮಲ್ಲಿ ಕಾಡಿನ ಬಾಗಿಲು ಒಂದೊಂದಾಗಿ ಮುಚ್ಚುತ್ತಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದು, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಸೆದುಕೊಂಡ ಅಪ್ಪಿಕೊ ಚಳವಳಿಯನ್ನು ನಾವು ಪರಿಸರದ ಕತೆಯಾಗಿ ಓದುತ್ತೇವೆ. ಅದು ಪ್ಲೈವುಡ್ಡಿನ ಕತೆಯೂ ಹೌದು. ಘಟ್ಟದ ಕಾಡಿನಿಂದ ಇಳಿಯುತ್ತಿದ್ದ ಮೆದುಮರ ಹೋಗುತ್ತಿದ್ದದ್ದು ನಮ್ಮ ಪ್ಲೈವುಡ್ ಕಾರ್ಖಾನೆಗಳಿಗೇ. 1988ರ ರಾಷ್ಟ್ರೀಯ ಅರಣ್ಯ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಸಾಧ್ಯವಾದಷ್ಟೂ ಬೆಳೆಗಾರರೊಂದಿಗೆ ನೇರ ಸಂಬಂಧ ಇಟ್ಟುಕೊಂಡು ಪಡೆಯಬೇಕು.

ನೀತಿ ಹೇಳಿದ್ದನ್ನು ಆಗುಮಾಡಿದ್ದು ನ್ಯಾಯಾಲಯ. ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ ಕಾಡು ಕಡಿಯುವುದನ್ನು ಪ್ರಶ್ನಿಸಿ ನಿಲಂಬೂರಿನ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ್ದ ಅರ್ಜಿಯ ಮೇಲೆ, 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಈಶಾನ್ಯದ ಏಳು ರಾಜ್ಯಗಳಿಂದ ಮರ ಹೊರಹೋಗುವುದು ನಿಂತಿತು. ಅರುಣಾಚಲದ ತಿರಾಪ್, ಚಾಂಗ್ಲಾಂಗ್ ಜಿಲ್ಲೆಗಳ ಗರಗಸದ ಮಿಲ್ಲು, ಪ್ಲೈವುಡ್ ಮಿಲ್ಲುಗಳಿಗೆ ಬೀಗ ಬಿತ್ತು. ಆ ದಿನ ದೆಹಲಿಯಲ್ಲಿ ಪ್ರಧಾನಿಯಾಗಿದ್ದವರು ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು. ಈಶಾನ್ಯದ ಮರದ ಮೇಲೆ ನಿಂತಿದ್ದ ಉದ್ಯಮ ಒಂದೇ ಆದೇಶಕ್ಕೆ ಅತಂತ್ರವಾಯಿತು. ಮುಂದೆ ಅವರದೇ ಊರಿನ ಹೊಲಗಳು ಆ ಉದ್ಯಮಕ್ಕೆ ಮರ ಕೊಡುವಂತಾದೀತೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಉದ್ಯಮ ಮೊದಲು ಹುಡುಕಿದ ದಾರಿ ಬಂದರು. ಬರ್ಮಾ, ಮಲೇಷ್ಯಾದ ದಿಮ್ಮಿಗಳು ಕಾಂಡ್ಲಾಕ್ಕೆ ಬಂದವು, ನಮ್ಮ ನವಮಂಗಳೂರಿಗೂ ಬಂದವು. ಎರಡು ದೇಶಗಳ ವ್ಯಾಪಾರ ಹೋಲಿಸುವವರು ಎಡವುವುದು ಇಲ್ಲಿಯೇ. ಜಗತ್ತಿನ ಸುಂಕದ ಪಟ್ಟಿಯಲ್ಲಿ, 1988ರಿಂದ ಎಲ್ಲ ದೇಶಕ್ಕೂ ಸಾಮಾನ್ಯವಾದ ಸಂಕೇತಗಳಿವೆ. 4408 ಎಂದರೆ ತೆಳು ಹಾಳೆ, 4410 ಪಾರ್ಟಿಕಲ್ ಬೋರ್ಡ್, 4411 ಎಂಡಿಎಫ್‌ನಂಥ ನಾರಿನ ಹಲಗೆ, 4412 ಪ್ಲೈವುಡ್. ಈ ನಾಲ್ಕನ್ನೇ ಇಟ್ಟುಕೊಂಡು ನೋಡಿದರೆ ತೊಂಬತ್ತರ ದಶಕದ ಭಾರತ ಏನೂ ಆಮದು ಮಾಡಿಕೊಳ್ಳದ ಸ್ವಾವಲಂಬಿಯಂತೆ ಕಾಣುತ್ತದೆ. 4403, ಅಂದರೆ ದುಂಡು ದಿಮ್ಮಿಯ ಸಾಲನ್ನು ಪಕ್ಕಕ್ಕಿಟ್ಟಾಗ ನಿಜ ಹೊರಬೀಳುತ್ತದೆ. ಇಂಡೊನೇಷ್ಯಾ ದಿಮ್ಮಿ ಬಿಡದೆ ಹಲಗೆ ಕಳಿಸಿತು. ನಾವು ಹಲಗೆ ಬೇಡವೆಂದು ದಿಮ್ಮಿ ತರಿಸಿದೆವು, ಏಕೆಂದರೆ ದಿಮ್ಮಿಗೆ ಸುಂಕ ಕಡಿಮೆ, ಸಿದ್ಧ ಹಲಗೆಗೆ ಹೆಚ್ಚು. ಒಂದು ದೇಶದಲ್ಲಿ ಸೊನ್ನೆಯಾದ ಸಾಲು ಇನ್ನೊಂದರಲ್ಲಿ ಉಬ್ಬಿ ನಿಂತಿತ್ತು. ಕಳಿಸುವ ದೇಶ ಹಡಗು ಹತ್ತಿಸುವವರೆಗಿನ ಬೆಲೆ ಬರೆದರೆ, ಪಡೆಯುವ ದೇಶ ಹಡಗು ಬಾಡಿಗೆ, ವಿಮೆ ಸೇರಿಸಿ ಬರೆಯುತ್ತದೆ. ಆದ್ದರಿಂದ ಹಣದಲ್ಲಿ ಹೋಲಿಸುವುದಕ್ಕಿಂತ ಘನ ಮೀಟರ್‌ನಲ್ಲಿ ಹೋಲಿಸುವುದು ನೇರ. ಎಂಟು ಅಡಿಗೆ ನಾಲ್ಕು ಅಡಿಯ 18 ಎಂ.ಎಂ. ಹಲಗೆ ಸುಮಾರು ಹತ್ತೊಂಬತ್ತು ಸೇರಿದರೆ ಒಂದು ಘನ ಮೀಟರ್. ಈ ಲೆಕ್ಕ ಕೈಯಲ್ಲಿದ್ದರೆ ಯಾವ ದೇಶದ ಅಂಕಿಯನ್ನಾದರೂ ನಮ್ಮ ಅಂಗಡಿಯ ಅಟ್ಟಿಗೆ ಇಳಿಸಿ ನೋಡಬಹುದು.

ಎರಡನೆಯ ದಾರಿ ಹೊಲ. ಉತ್ತರದಲ್ಲಿ ಬೆಂಕಿಪೊಟ್ಟಣದ ವಿಮ್ಕೊ ಕಂಪನಿ ತರಾಯಿ ಸೀಮೆಯ ರೈತರಿಗೆ ಕೊಟ್ಟಿದ್ದ ಪಾಪ್ಲರ್ ಗಿಡಗಳು ಅಷ್ಟು ಹೊತ್ತಿಗೆ ಗೋಧಿ ಹೊಲಗಳ ನಡುವೆ ಮರವಾಗಿದ್ದವು. ಕಡ್ಡಿಗೆಂದು ಬೆಳೆದದ್ದನ್ನು ಹರಿಯಾಣದ ಯಮುನಾನಗರದವರು ಲೇತಿಗೆ ಕೊಟ್ಟು ನೋಡಿದರು. ಕೇರಳದ ಪೆರುಂಬಾವೂರಿನವರು ಹಾಲು ನಿಂತ ರಬ್ಬರ್ ಮರವನ್ನು ಹಾಗೆಯೇ ಕೊಟ್ಟು ನೋಡಿದರು. ಎರಡೂ ಕಡೆ ತೊಡಕು ಒಂದೇ. ಕಾಡಿನ ದಿಮ್ಮಿಗೆ ಮಾಡಿದ ಲೇತ್ ಮರದ ತಿರುಳನ್ನು ಎರಡು ಕಡೆ ಕಚ್ಚಿ ಹಿಡಿಯುತ್ತದೆ. ಸಣ್ಣ ದಿಮ್ಮಿ ಬಿಚ್ಚುತ್ತ ಬಿಚ್ಚುತ್ತ ಬಾಗಿ ಅಲುಗುತ್ತದೆ, ಒಳಗೊಂದು ದಪ್ಪ ಕೊರಡು ಬಿಚ್ಚದೆ ಉಳಿಯುತ್ತದೆ. ಎರಡಡಿ ಅಗಲದ ಮರಕ್ಕೆ ಆ ಕೊರಡು ಲೆಕ್ಕಕ್ಕಿಲ್ಲ. ಮುಕ್ಕಾಲಡಿಯ ಮರಕ್ಕೆ ಅದೇ ನಷ್ಟ. ಹಾಗೆ ಕಚ್ಚುವ ಸ್ಪಿಂಡಲ್ ಇಲ್ಲದ ಲೇತ್ ಬಂದು ಇದನ್ನು ಬಿಡಿಸಿತು. ದಿಮ್ಮಿಯನ್ನು ತುದಿಯಲ್ಲಿ ಹಿಡಿಯುವ ಬದಲು ಹೊರಮೈಗೆ ಒತ್ತಿದ ಉರುಳೆಗಳೇ ಅದನ್ನು ತಿರುಗಿಸುತ್ತವೆ. ಮರ ಸಣ್ಣದಾದಂತೆ ಉರುಳೆಗಳು ಹತ್ತಿರ ಬರುತ್ತವೆ. ಕೊನೆಗೆ ಉಳಿಯುವುದು ಹಿಡಿಯೊಳಗೆ ಬರುವ ಕೋಲು. ಇಂಥ ಯಂತ್ರ ಅಗ್ಗವಾಗಿ ಸಿಗತೊಡಗಿದ ದಿನದಿಂದ ದೇಶದ ಪ್ಲೈವುಡ್ ರೈತನ ಕೈಗೆ ಬಂತು ಎಂದೇ ನಾನು ಹೇಳುತ್ತೇನೆ.

ನಮ್ಮ ಹಾಸನ ಜಿಲ್ಲೆಗೆ ಈ ಬದಲಾವಣೆ ಮೊದಲು ಸಿಲ್ವರ್ ಓಕ್ ಮೂಲಕ ಬಂತು. ಅದು ಆಸ್ಟ್ರೇಲಿಯಾದ ಪೂರ್ವ ಭಾಗದ ಮರ. ಪ್ಲಾಂಟರುಗಳು 19ನೇ ಶತಮಾನದಲ್ಲಿ ತೋಟದ ನೆರಳಿಗೆಂದು ತಂದರು. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದನ್ನು ಅನುಮತಿಯ ಕಟ್ಟಿನಿಂದ ಹೊರಗಿಟ್ಟಿದೆ. 2000ದ ಆಸುಪಾಸಿನಲ್ಲಿ ಕಾಫಿ ದರ ಪಾತಾಳಕ್ಕಿಳಿದಾಗ ಅನೇಕ ತೋಟದವರಿಗೆ ಕೈಗೆ ಸಿಕ್ಕ ಕಾಸು ಈ ಮರದ್ದು. ಲೋಡುಗಳು ಕೇರಳದ ಕಾರ್ಖಾನೆಗಳ ಕಡೆಗೂ ಹೋದವು. ಮರಗಸಿ ಮಾಡಿದ, ಅಂದರೆ ಕೊಂಬೆ ಸವರಿದ, ಕಡೆಯೆಲ್ಲ ಹಾಳೆಯಲ್ಲಿ ಗಂಟಿನ ತೂತು ಬೀಳುತ್ತದೆ, ಆದ್ದರಿಂದ ಇದು ಮುಖದ ಹಾಳೆಗೆ ಒದಗುವುದು ಕಡಿಮೆ. ಒಳಪದರಕ್ಕೆ ಏನೂ ಅಡ್ಡಿಯಿಲ್ಲ. ಇದರ ಹಿಂದೆ ಒಂದು ನೋವಿನ ಸಂಗತಿಯೂ ಇದೆ. ಹಲಸು, ಅತ್ತಿ, ನಂದಿ, ಹೊನ್ನೆ ಇದ್ದ ನೆರಳು ಎಷ್ಟೋ ತೋಟಗಳಲ್ಲಿ ಬರೀ ಸಿಲ್ವರ್ ಓಕ್ ಆಗಿದೆ. ಹಕ್ಕಿಗೆ ಹಣ್ಣಿಲ್ಲ, ನೆಲಕ್ಕೆ ಒಳ್ಳೆಯ ದರಗಿಲ್ಲ. ನಾಡಮರ ನೆಟ್ಟವನಿಗೆ ಕಾಯ್ದೆಯ ತೊಡಕು, ಪರದೇಶದ ಮರ ನೆಟ್ಟವನಿಗೆ ಬಿಡುಗಡೆ ಎಂಬ ವ್ಯವಸ್ಥೆ ಸರಿಯಲ್ಲ. ಅದನ್ನು ತಿದ್ದಲೇಬೇಕು.

ಬಯಲಿನ ಕಡೆ ಬಂದದ್ದು ಹೆಬ್ಬೇವು. ಇದು ನಮ್ಮದೇ ಮರ, ಘಟ್ಟದ ಕಾಡಿನ ಮೂಲದ್ದು. ಹೇಮಾವತಿ ನಾಲೆಯ ಅಂಚಿನಲ್ಲಿ, ರಾಮನಾಥಪುರ, ಕೊಣನೂರಿನ ಕಡೆಯ ತಂಬಾಕು ಮತ್ತು ಶುಂಠಿ ಹೊಲಗಳ ಬದುವಿನಲ್ಲಿ, ತೆಂಗಿನ ಸಾಲಿನ ಪಕ್ಕದಲ್ಲಿ ಈಗ ಕಾಣುವುದು ಇದೇ. ಕೂಲಿಗೆ ಜನ ಸಿಗದ ಹೊಲಕ್ಕೆ, ಮಕ್ಕಳು ಬೆಂಗಳೂರು ಸೇರಿದ ಮನೆಗೆ ಇದು ಹೊಂದಿಕೊಂಡಿತು. ಆರರಿಂದ ಎಂಟು ವರ್ಷಕ್ಕೆ ಲೇತಿಗೆ ಬರುತ್ತದೆ. ಮೊದಲ ಎರಡು ವರ್ಷ ಪಕ್ಕದ ಚಿಗುರು ಚಿವುಟುತ್ತ ಬಂದರೆ ಇಪ್ಪತ್ತಡಿಯವರೆಗೆ ಗಂಟಿಲ್ಲದ ಕಾಂಡ ಸಿಗುತ್ತದೆ. ಅದರ ಹಾಳೆ ನಯವಾಗಿರುವುದರಿಂದ ಮುಖಕ್ಕೂ ಒದಗುತ್ತದೆ. ಬೆಂಗಳೂರಿನ ಇಪಿರ್ಟಿ ಮತ್ತು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗಳ ಕೆಲಸ ಇಂಥ ಮರಗಳ ಬಗ್ಗೆ ಕಾರ್ಖಾನೆಗಳಿಗಿದ್ದ ಅನುಮಾನವನ್ನು ಕಳೆಯಿತು.

ಈ ಹುಡುಕಾಟದ ಫಲವನ್ನು ಒಂದು ಅಂಕಿ ಹೇಳುತ್ತದೆ. 2011ರ ಭಾರತ ಅರಣ್ಯ ಸ್ಥಿತಿ ವರದಿಯ ಅಂದಾಜಿನಂತೆ ಸರ್ಕಾರಿ ಕಾಡುಗಳಿಂದ ವರ್ಷಕ್ಕೆ ಸಿಗುವ ನಾಟಾ ಸುಮಾರು 32 ಲಕ್ಷ ಘನ ಮೀಟರ್. ಕಾಡಿನ ಹೊರಗಿನ ಮರಗಳಿಂದ ಸಿಗಬಹುದಾದದ್ದು ಸುಮಾರು 428 ಲಕ್ಷ ಘನ ಮೀಟರ್. ಕಾಡಿಲ್ಲದಿದ್ದರೆ ಉದ್ಯಮವಿಲ್ಲ ಎಂದವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಇಂಡೊನೇಷ್ಯಾದಲ್ಲಿ ಗೆರೆ ಕೆಳಮುಖವಾಯಿತು. 1997ರ ಆರ್ಥಿಕ ಕುಸಿತದ ನಂತರ ಐ.ಎಂ.ಎಫ್. ಸಾಲದ ಷರತ್ತಿಗೆ ಸಿಕ್ಕು 1998ರಲ್ಲಿ ಅಪ್ಕಿಂದೊದ ಏಕಸ್ವಾಮ್ಯ ಮುರಿಯಿತು. ದೊಡ್ಡ ಮೆರಾಂಟಿ ಮರಗಳು ದೂರವಾದವು, ಕಾರ್ಖಾನೆಗಳು ಮುಚ್ಚಿದವು. 2000ದ ದಶಕದ ನಡುವಿನಲ್ಲಿ ಪ್ಲೈವುಡ್ ರಫ್ತಿನ ಮೊದಲ ಸ್ಥಾನ ಚೀನಾದ ಪಾಲಾಯಿತು. ಆಮೇಲೆ ಇಂಡೊನೇಷ್ಯಾದವರು ಏನು ಮಾಡಿದರು ಎನ್ನುವುದು ಈ ಹೋಲಿಕೆಯಲ್ಲಿ ನನಗೆ ಅತಿ ಮುಖ್ಯವಾದ ಸಂಗತಿ. ಜಾವಾ ದ್ವೀಪದ ಸಣ್ಣ ರೈತರು ಸೆಂಗೊನ್ ಎಂಬ ಬೇಗ ಬೆಳೆಯುವ ಮರವನ್ನು ಮರಗೆಣಸು, ಜೋಳದ ಜೊತೆ ಬೆಳೆಯುತ್ತಿದ್ದರು. ಕಾರ್ಖಾನೆಗಳು ಅದಕ್ಕೆ ಮುಗಿಬಿದ್ದವು. ಕಾಡೆಲ್ಲ ಖರ್ಚಾದ ಮೇಲೆ ಅವರು ಜಾವಾದ ಹೊಲಕ್ಕೆ ಬಂದರು. ಕಾಡಿಗೆ ಬೀಗ ಬಿದ್ದದ್ದರಿಂದ ನಾವು ಹಾಸನದ ಹೊಲಕ್ಕೆ ಬಂದೆವು. ತಲುಪಿದ ಜಾಗ ಒಂದೇ. ಆದರೆ ಅಲ್ಲಿ ಕಳೆದುಹೋದ ಕಾಡು ಬಹು ದೊಡ್ಡದು, ಇಲ್ಲಿ ಒಂದಿಷ್ಟಾದರೂ ಉಳಿಯಿತು. ಅದಕ್ಕಾಗಿ ಸಾಲ್ಕಣಿಯ ಜನರಿಗೂ ಗೋದಾವರ್ಮನ್ ಅವರಿಗೂ ನಾವು ಋಣಿಗಳು.

ಈಗಿನ ಮಾತು. 2014ರ ಏಪ್ರಿಲ್‌ನಿಂದ ಬರ್ಮಾ ದಿಮ್ಮಿ ಬಿಡುವುದನ್ನು ನಿಲ್ಲಿಸಿತು. ಗ್ಯಾಬನ್ 2010ರಲ್ಲೇ ನಿಲ್ಲಿಸಿದ್ದರಿಂದ ನಮ್ಮವರು ಅಲ್ಲಿಗೇ ಹೋಗಿ ಹಾಳೆ ಬಿಚ್ಚಿಸಿ ತರುತ್ತಾರೆ. ಮರದ ನಾರನ್ನೇ ಬಿಡಿಸಿ ಒತ್ತಿದ ಎಂಡಿಎಫ್ ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾದಿಂದ ಬಂದು ಬೆಂಗಳೂರಿನ ಅಡುಗೆಮನೆಗಳ ಕಪಾಟಾಗುತ್ತದೆ. ವಿಯೆಟ್ನಾಮಿನ ಹಲಗೆಯ ಹಿಂದೆ ಇರುವುದೂ ಸಣ್ಣ ಹಿಡುವಳಿಯ ಅಕೇಶಿಯಾ ಬೆಳೆಗಾರನೇ. 2025ರಿಂದ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಪರದೇಶದ ಸರಕಿಗೂ ಅದು ಅನ್ವಯ. ಇಂಥ ಒಂದು ಆದೇಶಕ್ಕೆ, ಒಂದು ಸುಂಕಕ್ಕೆ ಹೊಳೆನರಸೀಪುರದ ಹೆಬ್ಬೇವಿನ ದರ ಏರುವುದೂ ಇಳಿಯುವುದೂ ಇದೆ. ಕಾರ್ಖಾನೆಯವರಿಗೆ ಆಮದಿನ ಅಂಕಿಗಳು ಗೊತ್ತಿರುತ್ತವೆ, ವ್ಯಾಪಾರಿಗೂ ಗೊತ್ತಿರುತ್ತವೆ. ಮರದ ಯಜಮಾನನಿಗೆ ಮಾತ್ರ ಗೊತ್ತಿರುವುದಿಲ್ಲ.

ಅವನಿಗೆ ಗೊತ್ತಿಲ್ಲದ ಇನ್ನೊಂದು ಲೆಕ್ಕ ಅವನ ಮರದ ಮೈಮೇಲೆಯೇ ಇದೆ. ನಾಟಾ ವ್ಯಾಪಾರದಲ್ಲಿ ಇಂದಿಗೂ ಉಳಿದಿರುವ ಕಾಲುಸುತ್ತಿನ ಅಳತೆ ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಬಂದದ್ದು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ಅದರ ಕ್ರಮ. 80 ಸೆಂ.ಮೀ. ಸುತ್ತಳತೆಯ, ಎರಡೂವರೆ ಮೀಟರ್ ಉದ್ದದ ದಿಮ್ಮಿ ಈ ಲೆಕ್ಕಕ್ಕೆ 0.100 ಘನ ಮೀಟರ್. ಅದೇ ದಿಮ್ಮಿಯ ನಿಜವಾದ ಗಾತ್ರ 0.127. ಕೊಯ್ದು ಚೌಕ ಮಾಡುವಾಗ ಹೋಗುವ ಸಿಬರನ್ನು ಮುಂಚೆಯೇ ಕಳೆಯಲು ಮಾಡಿದ ಅಳತೆ ಇದು. ಲೇತಿನಲ್ಲಿ ಚೌಕ ಮಾಡುವ ಮಾತೇ ಇಲ್ಲ, ದುಂಡಗಿನ ಮರ ದುಂಡಗೇ ಬಿಚ್ಚಿಕೊಳ್ಳುತ್ತದೆ. ಆದರೂ ಹಳೆಯ ಅಳತೆಯಲ್ಲಿ ಕೊಟ್ಟವನು ನೂರಕ್ಕೆ ಇಪ್ಪತ್ತೊಂದೂವರೆ ಪಾಲನ್ನು ಲೆಕ್ಕಕ್ಕೇ ತರದೆ ಕೊಡುತ್ತಾನೆ. ಟನ್ನಿನ ಲೆಕ್ಕದಲ್ಲಿ ಬೇರೆ ಅಪಾಯ. ಹಸಿಮರದ ತೂಕದಲ್ಲಿ ನೀರಿನ ಪಾಲು ದೊಡ್ಡದು. ಕಡಿದು ಬಿಸಿಲಲ್ಲಿ ಬಿಟ್ಟರೆ ತೂಕ ದಿನದಿನಕ್ಕೆ ಇಳಿಯುತ್ತದೆ, ಒಳಗಿರುವ ಹಲಗೆಯೇನೂ ಕಮ್ಮಿಯಾಗುವುದಿಲ್ಲ.

ಇಂಡೊನೇಷ್ಯಾದಲ್ಲಿ ಕಾಡಿನ ಗುತ್ತಿಗೆ ಹಿಡಿದವರು ಮರದ ಬೆಲೆಯನ್ನು ತಿಂದರು, ಕಾಡಿನ ಜನಕ್ಕೆ ದಕ್ಕಿದ್ದು ಅಲ್ಪ. ನಮ್ಮ ಜಿಲ್ಲೆಯಲ್ಲಿ ಈ ಮರ ಇರುವುದು ಪಹಣಿಯಲ್ಲಿ ಹೆಸರಿರುವ ರೈತನ ನೆಲದಲ್ಲಿ. ಆದ್ದರಿಂದ ಬೆಳೆಗಾರರಲ್ಲಿ ಒಂದು ಕೋರಿಕೆ. ವ್ಯಾಪಾರಿ ಬರುವ ಮುನ್ನ ಎದೆಮಟ್ಟದಲ್ಲಿ ಸುತ್ತಳತೆ ತೆಗೆದು ಪ್ರತಿ ಮರವನ್ನೂ ಪುಸ್ತಕದಲ್ಲಿ ಬರೆದಿಡಿ. ಅಳತೆ ಕಾಲುಸುತ್ತಿನದೋ ಪೂರ್ಣ ಗಾತ್ರದ್ದೋ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ತೂಕವಾದರೆ ಕಡಿದ ದಿನವೇ ವೇಬ್ರಿಡ್ಜಿಗೆ ನೀವೂ ಹೋಗಿ. ತೋಟಗಾರಿಕೆ, ಅರಣ್ಯ ಇಲಾಖೆಗಳಲ್ಲೂ ಒಂದು ಬೇಡಿಕೆ ಇದೆ. ಆಲೂಗಡ್ಡೆ, ಕೊಬ್ಬರಿ ಧಾರಣೆಯ ಹಾಗೆ ಹೆಬ್ಬೇವು, ಸಿಲ್ವರ್ ಓಕ್ ಧಾರಣೆಯನ್ನೂ, ಅದರ ಪಕ್ಕದಲ್ಲಿ ಆ ತಿಂಗಳು ದೇಶಕ್ಕೆ ಬಂದ ಹಲಗೆಯ ಪ್ರಮಾಣವನ್ನೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಪಿಎಂಸಿ ಫಲಕಗಳ ಮೇಲೆ ಕನ್ನಡದಲ್ಲಿ ಬರೆಸಿ ಹಾಕಿ.